ಪಿಟೀಲು ಮುಟ್ಟದ ಪಿಟೀಲು ಮೇಷ್ಟ್ರು

ನನ್ನ ಪಿಟೀಲು ಮೇಷ್ಟ್ರು ಪಿಟೀಲು ನುಡಿಸಿದ್ದನ್ನು ನಾನು ಎದುರಿಗೆ ಕೂತು ಒಂದು ಸಲವೂ ಕೇಳಿಲ್ಲ. ನಾನು ಪಾಠಕ್ಕೆ ಸೇರುವ ಹೊತ್ತಿಗೆ ಅವರ ಎಡಗೈ ಬೆರಳುಗಳು ಮಾತು ಕೇಳುವುದನ್ನು ನಿಲ್ಲಿಸಿ ವರ್ಷಗಳೇ ಆಗಿದ್ದವು. ಕಾಫಿ ಲೋಟ ಹಿಡಿಯುತ್ತಿದ್ದರು, ಪೇಪರ್ ಮಡಚುತ್ತಿದ್ದರು, ಬಾಗಿಲಿಗೆ ಬೀಗ ಹಾಕುತ್ತಿದ್ದರು. ಆದರೆ ತಂತಿಯ ಮೇಲೆ ಇಟ್ಟ ಬೆರಳು ಕೂರಬೇಕಾದ ಜಾಗ ಬಿಟ್ಟು ಕೂದಲೆಳೆಯಷ್ಟು ಆಚೆ ಕೂರುತ್ತಿತ್ತಂತೆ. ಪಿಟೀಲಿನಲ್ಲಿ ಕೂದಲೆಳೆ ಅಂದರೆ ಬಹಳ ದೂರ. ವೀಣೆಗಿರುವಂಥ ಮೆಟ್ಟಿಲು ಇದಕ್ಕಿಲ್ಲ, ಬೆರಳು ಎಲ್ಲಿ ಬಿತ್ತೋ ಅಲ್ಲೇ ಸ್ವರ. ಹಾಗಾಗಿ ಒಂದು ದಿನ ತಂತಿ ಸಡಿಲಿಸಿ ವಾದ್ಯವನ್ನು ಪೆಟ್ಟಿಗೆಗೆ ಸೇರಿಸಿದವರು ಮತ್ತೆ ಹೊರಗೆ ತೆಗೆದಿರಲಿಲ್ಲ. ಪಾಠ ಮಾತ್ರ ಬಿಟ್ಟಿರಲಿಲ್ಲ.

ನನ್ನನ್ನು ಅಲ್ಲಿ ಸೇರಿಸುತ್ತಾರೆ ಅಂತ ಗೊತ್ತಾದಾಗ ದೊಡ್ಡಪ್ಪ ಅಪ್ಪನ ಮೇಲೆ ರೇಗಿದರು. "ನುಡಿಸಿ ತೋರಿಸೋಕೆ ಆಗದವರು ಮಗೂಗೆ ಏನೋ ಕಲಿಸ್ತಾರೆ?" ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ಸಂಗೀತ ಗೊತ್ತಿರಲಿಲ್ಲ, ಮೇಷ್ಟ್ರ ಮನೆ ನಡೆದು ಹೋಗುವಷ್ಟು ಹತ್ತಿರ ಇತ್ತು, ಮೇಷ್ಟ್ರು ಒಳ್ಳೆಯವರು ಅನ್ನಿಸಿತ್ತು, ಅಷ್ಟೇ. ಆದರೆ ದೊಡ್ಡಪ್ಪನ ಪ್ರಶ್ನೆ ನ್ಯಾಯವಾದದ್ದೇ ಅಲ್ವಾ? ಆಮೇಲೂ ಎಷ್ಟೋ ಜನ ಅದನ್ನೇ ಬೇರೆ ಬೇರೆ ರೀತಿ ಕೇಳಿದ್ದಾರೆ. ಈಗ ನಾನೇ ಒಂದಿಬ್ಬರು ಮಕ್ಕಳಿಗೆ ಹೇಳಿಕೊಡುವಾಗ ಅದು ಮತ್ತೆ ಮತ್ತೆ ತಲೆಗೆ ಬರುತ್ತದೆ.

ಮೊದಲು ಸ್ವಲ್ಪ ಹಳೆಯ ಕಥೆ. ಪಿಟೀಲು ನಮ್ಮ ಕರ್ನಾಟಕ ಸಂಗೀತಕ್ಕೆ ಬಂದು ಇನ್ನೂರು ಚಿಲ್ಲರೆ ವರ್ಷ ಆಗಿದೆ ಅಷ್ಟೇ. ಅದನ್ನು ಮೊದಲು ಕಲಿತವರಲ್ಲಿ ಹೆಸರು ಕೇಳಿಬರುವುದು ಬಾಲುಸ್ವಾಮಿ ದೀಕ್ಷಿತರದ್ದು, ಮುತ್ತುಸ್ವಾಮಿ ದೀಕ್ಷಿತರ ತಮ್ಮ, 1786ರಲ್ಲಿ ಹುಟ್ಟಿದವರು. ಆ ಕುಟುಂಬ ಮದ್ರಾಸಿನ ಪಕ್ಕದ ಮಣಲಿಯಲ್ಲಿದ್ದಾಗ ಬಾಲುಸ್ವಾಮಿ ಒಬ್ಬ ಯುರೋಪಿಯನ್ ಪಿಟೀಲುಗಾರನ ಹತ್ತಿರ ಕಲಿತರು. ಸುಮ್ನೆ ಆ ಪಾಠವನ್ನು ಊಹಿಸಿಕೊಳ್ಳಿ. ಕಲಿಸುವವನಿಗೆ ತೋಡಿ ರಾಗ ಗೊತ್ತಿಲ್ಲ, ಭೈರವಿ ರಾಗ ಗೊತ್ತಿಲ್ಲ, ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸಿ ಹಾಡುವುದು, ಒಂದಿದೆ ಅಂತಲೂ ಬಹುಶಃ ಗೊತ್ತಿರಲಿಲ್ಲ. ಅವನು ಕೊಡಬಹುದಾಗಿದ್ದದ್ದು ವಾದ್ಯ ಹಿಡಿಯುವ ಬಗೆ, ಕಮಾನು ಎಳೆಯುವ ಬಗೆ, ಬೆರಳು ಇಡುವ ಬಗೆ. ಮಿಕ್ಕಿದ್ದೆಲ್ಲ ಹುಡುಗನ ಮನೆಯಲ್ಲೇ ಇತ್ತು, ಹಾಡುವವರ ಬಾಯಲ್ಲಿ. ಅಂದರೆ ನಮ್ಮಲ್ಲಿ ಪಿಟೀಲಿನ ಪಾಠ ಶುರುವಾಗಿದ್ದೇ ಎರಡು ಕಡೆಯಿಂದ. ಕೈ ಒಬ್ಬರಿಂದ, ಕಿವಿ ಇನ್ನೊಬ್ಬರಿಂದ.

ನಮ್ಮ ಮೈಸೂರು ಕಡೆ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. ಪಿಟೀಲು ಚೌಡಯ್ಯನವರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಸಭಾಂಗಣ ಕಟ್ಟಿ ಅವರ ಹೆಸರಿಟ್ಟಿದ್ದಾರಲ್ಲ, ಅವರೇ. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದವರು. ಕೃಷ್ಣಪ್ಪನವರು ಹಾಡುಗಾರರು! ಆಸ್ಥಾನದಲ್ಲಿ ಹಾಡಿ ಹೆಸರು ಮಾಡಿದವರು. ಮುಂದೆ ಮೈಕ್ ಇಲ್ಲದ ಸಭೆಗಳಲ್ಲಿ ಹಿಂದೆ ಕೂತವರಿಗೂ ಕೇಳಲಿ ಅಂತ ಪಿಟೀಲಿಗೆ ಮೂರು ತಂತಿ ಜಾಸ್ತಿ ಸೇರಿಸಿ ಏಳು ತಂತಿ ಮಾಡಿದ, 1957ರಲ್ಲಿ ಮದ್ರಾಸಿನ ಸಂಗೀತ ಕಲಾನಿಧಿ ಬಿರುದು ಪಡೆದ ಮನುಷ್ಯ ಒಬ್ಬ ಗಾಯಕನ ಗರಡಿಯಲ್ಲಿ ತಯಾರಾದದ್ದು. ಈ ವಿಷಯ ಮೊದಲ ಸಲ ತಿಳಿದಾಗ ನನಗೆ ದೊಡ್ಡಪ್ಪನಿಗೆ ಫೋನ್ ಮಾಡಬೇಕು ಅನ್ನಿಸಿತ್ತು.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡಬೇಕು. ಲಾಲ್ಗುಡಿ ಜಯರಾಮನ್ ಕಲಿತದ್ದು ಪಿಟೀಲುಗಾರರಾಗಿದ್ದ ತಂದೆ ಗೋಪಾಲ ಅಯ್ಯರ್ ಅವರ ಹತ್ತಿರ. ಎಂ.ಎಸ್. ಗೋಪಾಲಕೃಷ್ಣನ್ ಕಲಿತದ್ದು ತಂದೆ ಪರೂರು ಸುಂದರಂ ಅಯ್ಯರ್ ಹತ್ತಿರ. ಟಿ.ಎನ್. ಕೃಷ್ಣನ್ ಕೂಡ ತಂದೆಯ ಹತ್ತಿರವೇ. ಕಳೆದ ಶತಮಾನದ ಪಿಟೀಲಿನ ಮೂರು ದೊಡ್ಡ ಹೆಸರುಗಳು, ಮೂವರಿಗೂ ಮನೆಯಲ್ಲೇ ಗುರು, ಗುರುವಿನ ಕೈಯಲ್ಲಿ ಪಿಟೀಲು. ಬೆಳಿಗ್ಗೆಯಿಂದ ರಾತ್ರಿವರೆಗೆ ಅಪ್ಪನ ಕೈ ನೋಡುತ್ತಾ ಬೆಳೆಯುವುದಕ್ಕೆ ಸಮನಾದದ್ದು ಯಾವುದಿದೆ? ಆದ್ದರಿಂದ ನುಡಿಸದ ಮೇಷ್ಟ್ರೇ ಮೇಲು ಅಂತ ನಾನು ವಾದ ಮಾಡುತ್ತಿಲ್ಲ. ನನಗೆ ಸಿಕ್ಕಿದ್ದು ಅಂಥವರು, ಅವರಿಂದ ಏನು ಸಿಕ್ಕಿತು, ಏನು ಸಿಗಲಿಲ್ಲ ಅನ್ನುವುದಷ್ಟೇ ನನ್ನ ಕುತೂಹಲ.

ಪಾಠ ಹೇಗಿರುತ್ತಿತ್ತು ಅಂದರೆ, ಮೊದಲ ಕೆಲವು ತಿಂಗಳು ಎಡಗೈಗೆ ಕೆಲಸವೇ ಇರಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಬೇಕು, ಪಿಟೀಲಿನ ತುದಿಯ ಸುರುಳಿ ಬಲಗಾಲಿನ ಹರಡಿನ ಮೇಲೆ, ಇನ್ನೊಂದು ತುದಿ ಎಡಭುಜದ ಕೆಳಗೆ ಎದೆಗೆ ಆನಿಸಿ. ಪಾಶ್ಚಾತ್ಯ ಸಂಗೀತದವರು ಗದ್ದದ ಕೆಳಗೆ ಒತ್ತಿ ಹಿಡಿಯುತ್ತಾರೆ, ನಿಂತೂ ನುಡಿಸುತ್ತಾರೆ. ನಮ್ಮಲ್ಲಿ ಕಾಲೇ ವಾದ್ಯದ ಭಾರ ಹೊರುವುದರಿಂದ ಎಡಗೈ ಪೂರ್ತಿ ಬಿಡುವಾಗುತ್ತದೆ, ತಂತಿಯ ಈ ತುದಿಯಿಂದ ಆ ತುದಿಗೆ ಜಾರಬಹುದು. ಜಾರು ಇಲ್ಲದೆ ನಮ್ಮ ರಾಗಗಳಿಲ್ಲ. ಈ ಕೂರುವ ರೀತಿ ಬಂದದ್ದೇ ನಮ್ಮ ಸಂಗೀತ ಅದನ್ನು ಬೇಡಿದ್ದಕ್ಕಾಗಿ ಅಂತ ನನಗನ್ನಿಸುತ್ತದೆ. ಆ ಯುರೋಪಿಯನ್ ಪಿಟೀಲುಗಾರ ಇದನ್ನು ನೋಡಿದ್ದರೆ ಖಂಡಿತ ಬೈಯುತ್ತಿದ್ದ.

ತಂತಿಗಳು ನಾಲ್ಕು. ಮಂದ್ರದ ಸ, ಮಂದ್ರದ ಪ, ಮಧ್ಯದ ಸ, ಮಧ್ಯದ ಪ. ಬರೀ ಖಾಲಿ ತಂತಿಯ ಮೇಲೆ ಕಮಾನು ಎಳೆಯಬೇಕು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಶ್ರುತಿ ಪೆಟ್ಟಿಗೆ ಹಾಕಿಟ್ಟು ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು, ನನ್ನನ್ನು ನೋಡುತ್ತಲೂ ಇರಲಿಲ್ಲ. ಅಲ್ಲಿಂದಲೇ ಹೇಳುತ್ತಿದ್ದರು, "ಕಮಾನು ಕುದುರೆ ಬಿಟ್ಟು ದೂರ ಓಡ್ತಾ ಇದೆ." ಕುದುರೆ ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡು. ನೋಡಿದರೆ ನಿಜವಾಗಿ ಓಡಿರುತ್ತಿತ್ತು. "ಮೊಣಕೈ ಬಿಗಿ ಮಾಡಿದೀಯ." ಮಾಡಿರುತ್ತಿದ್ದೆ. ಒಂದು ಸಲ ಅಡುಗೆಮನೆಯಿಂದಲೇ, "ತೋರುಬೆರಳು ಒತ್ತಬೇಡಮ್ಮ, ಕಮಾನು ತನ್ನ ಭಾರದಲ್ಲಿ ತಾನು ಹೋಗಲಿ" ಅಂದಾಗ ನನಗೆ ನಿಜಕ್ಕೂ ಹೆದರಿಕೆ ಆಯಿತು. ಇದರಲ್ಲಿ ಮಾಯ ಮಂತ್ರ ಏನಿಲ್ಲ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ. ಪಿಟೀಲಿನ ನಾದ ನಿಂತಿರುವುದು ಮುಖ್ಯವಾಗಿ ಮೂರು ವಿಷಯದ ಮೇಲೆ. ಕಮಾನು ಎಷ್ಟು ಜೋರಾಗಿ ಓಡುತ್ತಿದೆ, ತಂತಿಯನ್ನು ಎಷ್ಟು ಒತ್ತುತ್ತಿದೆ, ಕುದುರೆಗೆ ಎಷ್ಟು ಹತ್ತಿರ ಇದೆ. ಒತ್ತು ಜಾಸ್ತಿಯಾಗಿ ವೇಗ ಕಮ್ಮಿಯಾದರೆ ಕರಕರ ಅನ್ನುತ್ತದೆ. ಕುದುರೆಯಿಂದ ದೂರ ಸರಿದರೆ ನಾದ ತೆಳ್ಳಗಾಗುತ್ತದೆ. ಭುಜ ಬಿಗಿಯಾದರೆ ಕಮಾನು ತಿರುಗುವ ಜಾಗದಲ್ಲಿ ಒಂದು ಸಣ್ಣ ಬಿಕ್ಕಳಿಕೆ ಕೇಳುತ್ತದೆ. ಕೇಳಿ ಕೇಳಿ ಅಭ್ಯಾಸವಾದ ಕಿವಿಗೆ ಕೈಯ ಚಿತ್ರ ತಾನಾಗಿ ಬರುತ್ತದೆ.

ಈ ಖಾಲಿ ತಂತಿಯ ಶಿಕ್ಷೆ ನಮ್ಮ ಮೇಷ್ಟ್ರ ಸ್ವಂತ ಕಲ್ಪನೆ ಅಂದುಕೊಂಡಿದ್ದೆ. ಆಮೇಲೊಂದು ದಿನ ತಾರ್ತೀನಿಯ ಕಾಗದ ಓದಿದೆ. ಜುಸೆಪ್ಪೆ ತಾರ್ತೀನಿ ಇಟಲಿಯ ದೊಡ್ಡ ಪಿಟೀಲು ವಿದ್ವಾಂಸ, ಪಾದುವಾದಲ್ಲಿದ್ದವರು. ವೆನಿಸ್‌ನ ಒಂದು ಅನಾಥಾಲಯದಲ್ಲಿ ಸಂಗೀತ ಕಲಿಯುತ್ತಿದ್ದ ಮದ್ದಲೇನಾ ಲೊಂಬಾರ್ದೀನಿ ಎಂಬ ಹುಡುಗಿಗೆ 1760ರ ಮಾರ್ಚ್‌ನಲ್ಲಿ ಒಂದು ಕಾಗದ ಬರೆದರು. ಕಾಗದದಲ್ಲೇ ಪಾಠ! ಅದರಲ್ಲಿ ಮೊದಲು ಬರುವುದೇ ಕಮಾನಿನ ಮಾತು. ಖಾಲಿ ತಂತಿಯ ಮೇಲೆ ಬಹಳ ಮೆಲ್ಲಗೆ ಶುರುಮಾಡು, ನಾದವನ್ನು ಸ್ವಲ್ಪಸ್ವಲ್ಪವೇ ಬೆಳೆಸು, ಮತ್ತೆ ಹಾಗೇ ಇಳಿಸು, ಮೇಲೆ ಹೋಗುವ ಕಮಾನಿನಲ್ಲೂ ಕೆಳಗೆ ಬರುವ ಕಮಾನಿನಲ್ಲೂ ಇದನ್ನೇ ಮಾಡು ಅಂತ. ಆ ಕಾಗದ ಮುಂದೆ ಅಚ್ಚಾಗಿ, ಇಂಗ್ಲಿಷಿಗೂ ಹೋಗಿ, ಇವತ್ತಿಗೂ ಓದಲು ಸಿಗುತ್ತದೆ. ಆ ಹುಡುಗಿ ಬೆಳೆದು ಯುರೋಪಿನಲ್ಲಿ ಹೆಸರು ಮಾಡಿದ ಪಿಟೀಲುಗಾರ್ತಿಯಾದಳು, ತಾನೇ ಕೃತಿಗಳನ್ನೂ ರಚಿಸಿದಳು. ಗುರು ಎದುರಿಗೇ ಇಲ್ಲದ ಪಾಠ. ಗುರುವಿಗೆ ಕೇಳಿಸುತ್ತಲೂ ಇರಲಿಲ್ಲ. ನನ್ನ ಮೇಷ್ಟ್ರು ಕೊನೇಪಕ್ಷ ಕಿಟಕಿಯ ಹತ್ತಿರ ಇದ್ದರು.

ಎಡಗೈಗೆ ಕೆಲಸ ಬಂದ ಮೇಲೆ ಪಾಠದ ರೀತಿ ಬದಲಾಯಿತು. ಅವರು ಹಾಡುತ್ತಿದ್ದರು. ನಾನೂ ಹಾಡಬೇಕು. ಹಾಡಿದ್ದು ಸರಿ ಬರುವವರೆಗೆ ಪಿಟೀಲು ಮುಟ್ಟುವಂತಿಲ್ಲ. ಸರಳೆ, ಜಂಟಿ, ಅಲಂಕಾರ, ಮಲಹರಿ ರಾಗದ ಪಿಳ್ಳಾರಿ ಗೀತೆ, ಹೀಗೆ ಮೊದಲ ಪಾಠಗಳೆಲ್ಲಕ್ಕೂ ಇದೇ ನಿಯಮ. ನನ್ನ ಗಂಟಲು ಆಗಲೂ ಚೆನ್ನಾಗಿರಲಿಲ್ಲ, ಈಗಲೂ ಇಲ್ಲ. ನಾಚಿಕೆಯಿಂದ ಹಿಂಜರಿದರೆ, "ನಿನ್ನ ಗಂಟಲು ಯಾರಿಗೂ ಬೇಡಮ್ಮ, ಸ್ವರ ಎಲ್ಲಿದೆ ಅಂತ ನಿನಗೆ ಗೊತ್ತಾದರೆ ಸಾಕು" ಅನ್ನುತ್ತಿದ್ದರು.

ಸರಳೆಯಲ್ಲಿ ಇದರ ಬೆಲೆ ಅಷ್ಟು ತಿಳಿಯುವುದಿಲ್ಲ. ತೋಡಿಗೆ ಬಂದಾಗ ತಿಳಿಯಿತು. ಪುಸ್ತಕದಲ್ಲಿ ಗ ಅಂತ ಒಂದೇ ಅಕ್ಷರ. ತೋಡಿಯಲ್ಲಿ ಬರುವುದು ಈ ಗ, ಅಂದರೆ ಗಾಂಧಾರದ, ಒಂದು ಬಗೆಯಾದ ಸಾಧಾರಣ ಗಾಂಧಾರ, ಖರಹರಪ್ರಿಯ ರಾಗದಲ್ಲೂ ಸಾಧಾರಣ ಗಾಂಧಾರ, ಭೈರವಿಯಲ್ಲೂ ಅದೇ. ಲೆಕ್ಕದ ಪ್ರಕಾರ ಮೂರೂ ಒಂದೇ ಜಾಗ. ಕೇಳಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವುದೇ ಇಲ್ಲ, ಉಯ್ಯಾಲೆಯ ಹಾಗೆ ಕೆಳಗೆ ರಿಷಭದ ಕಡೆಗೂ ಮೇಲೆ ಮಧ್ಯಮದ ಕಡೆಗೂ ತೂಗುತ್ತಲೇ ಇರುತ್ತದೆ, ಆದರೂ ಕೇಳುವವನಿಗೆ ಅದು ಗಾಂಧಾರ ಅಂತಲೇ ಅನ್ನಿಸಬೇಕು. ಎಷ್ಟು ಅಗಲ ತೂಗಬೇಕು, ಎಷ್ಟು ಬೇಗ, ಯಾವ ಕಡೆ ಒಂದು ಚೂರು ಜಾಸ್ತಿ ಹೊತ್ತು, ಇದನ್ನು ಬರೆದಿಡಲು ಲಿಪಿ ಇಲ್ಲ. ಮೇಷ್ಟ್ರು ಹಾಡಿದರು. ನಾನು ಹಾಡಿದೆ. ಅವರು ತಲೆ ಆಡಿಸಿದರು, ಬೇಡ ಅಂತ. ಮತ್ತೆ ಹಾಡಿದರು. ವಾರಗಟ್ಟಲೆ ಇದೇ. ಗಂಟಲಿಗೆ ಅದು ಬಂದ ದಿನ ಪಿಟೀಲು ಎತ್ತಿಕೊಂಡು ಕೇಳಿದೆ, "ಯಾವ ಬೆರಳು ಮೇಷ್ಟ್ರೇ?" ಅದಕ್ಕೆ ಅವರು, "ನನಗೇನು ಗೊತ್ತು? ಬೆರಳು ನಿನ್ನದು" ಅಂದರು.

ತಮಾಷೆಗೆ ಅಂದರೋ ಬೇಸರದಿಂದ ಅಂದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಆ ಉತ್ತರ ನನ್ನನ್ನು ಒಂದು ವಿಚಿತ್ರ ಜಾಗದಲ್ಲಿ ನಿಲ್ಲಿಸಿತು. ಕಿವಿಯಲ್ಲಿ ತೋಡಿ ಇದೆ, ಕೈಗೆ ದಾರಿ ಗೊತ್ತಿಲ್ಲ, ದಾರಿ ತೋರಿಸುವವರೂ ಇಲ್ಲ. ಒಂದೇ ಬೆರಳಲ್ಲಿ ಜಾರಿಸಿ ನೋಡಿದೆ, ಎರಡು ಬೆರಳು ಸೇರಿಸಿ ನೋಡಿದೆ. ಒಂದೊಂದು ಪ್ರಯೋಗಕ್ಕೂ ಒಂದೊಂದು ಕಡೆ ಒದ್ದಾಡಿ, ಹಾಡಿದ್ದಕ್ಕೆ ಹತ್ತಿರ ಬಂದದ್ದನ್ನು ಇಟ್ಟುಕೊಂಡೆ. ತುಂಬಾ ನಿಧಾನದ ಕೆಲಸ. ಪಕ್ಕದ ಬೀದಿಯಲ್ಲಿ ಬೇರೆಯವರ ಹತ್ತಿರ ಕಲಿಯುತ್ತಿದ್ದ ನನ್ನ ಗೆಳತಿ ಅಷ್ಟು ಹೊತ್ತಿಗೆ ವರ್ಣಗಳನ್ನು ಮುಗಿಸಿ ಕೃತಿಗಳಿಗೆ ಹೋಗಿದ್ದಳು. ಹೊಟ್ಟೆ ಉರಿಯುತ್ತಿತ್ತು.

ಕಮಾನಿಗೂ ಇದೇ ಗತಿ. ಎಲ್ಲಿ ತಿರುಗಿಸಬೇಕು ಅಂತ ಕೇಳಿದರೆ ಸಾಹಿತ್ಯ ಹಾಡಿಸುತ್ತಿದ್ದರು. ಅಕ್ಷರ ಎಲ್ಲಿ ಬೀಳುತ್ತದೋ ಅಲ್ಲಿ ಕಮಾನು ತಿರುಗಬೇಕು, ಒಂದು ಪದದ ನಡುವೆ ಉಸಿರು ಕತ್ತರಿಸುವುದು ಹೇಗೆ ಅಸಹ್ಯವೋ ಕಮಾನು ಕತ್ತರಿಸುವುದೂ ಹಾಗೇ. ಅವರ ಪಾಠಾಂತರದಲ್ಲಿ ಸಾಹಿತ್ಯ ಬಾಯಿಗೆ ಬಾರದ ಕೃತಿಯನ್ನು ಪಿಟೀಲಿನಲ್ಲಿ ಶುರುಮಾಡುವ ಮಾತೇ ಇರಲಿಲ್ಲ. ಇವತ್ತು ಗಾಯಕಿ ಶೈಲಿ ಅಂತ ದೊಡ್ಡ ದೊಡ್ಡ ವೇದಿಕೆಗಳಲ್ಲಿ ಹೊಗಳುತ್ತಾರಲ್ಲ, ವಾದ್ಯ ಹಾಡಿದ ಹಾಗೆ ಕೇಳಬೇಕು ಅನ್ನುವುದು, ಅದನ್ನು ಅವರು ಶೈಲಿ ಅಂತ ಕರೆದದ್ದೇ ನನಗೆ ನೆನಪಿಲ್ಲ. ಬೇರೆ ರೀತಿಯಲ್ಲಿ ನುಡಿಸಬಹುದು ಅನ್ನುವುದೇ ಅವರಿಗೆ ಹೊಳೆಯುತ್ತಿರಲಿಲ್ಲವೇನೋ.

ಬೈಯುತ್ತಿದ್ದರಾ ಅಂತ ಕೆಲವರು ಕೇಳುತ್ತಾರೆ, ಆಸೆಯಿಂದ ಕೇಳುತ್ತಾರೆ. ಗುರು ಅಂದರೆ ಕಮಾನಿನಲ್ಲೇ ಹೊಡೆಯಬೇಕು, ಬೀದಿಗೆ ಅಟ್ಟಬೇಕು, ಆಮೇಲೆ ಶಿಷ್ಯ ಅದನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳಬೇಕು, ಈ ಕಥೆಗಳು ನಮ್ಮ ಸಂಗೀತದಲ್ಲಿ ವಿಪರೀತ. ನನಗೆ ಇವುಗಳ ಮೇಲೆ ಅಷ್ಟು ಗೌರವ ಇಲ್ಲ. ಹೊಡೆತ ತಿಂದು ಸಂಗೀತ ಬಿಟ್ಟವರು ಯಾರೂ ಸಂದರ್ಶನ ಕೊಡುವುದಿಲ್ಲ ನೋಡಿ. ನಮ್ಮ ಮೇಷ್ಟ್ರು ಬೈಯುತ್ತಿರಲಿಲ್ಲ. ಚೆನ್ನಾಗಿಲ್ಲ ಅನ್ನಿಸಿದರೆ ಶ್ರುತಿ ಪೆಟ್ಟಿಗೆಯ ಸದ್ದನ್ನು ಸ್ವಲ್ಪ ಜೋರು ಮಾಡುತ್ತಿದ್ದರು, ಅಷ್ಟೇ.

ಪಿಟೀಲು ನುಡಿಸದ ಪಿಟೀಲು ಗುರುಗಳ ಸಾಲಿಗೆ ನಾನು ಇನ್ನೊಬ್ಬರನ್ನು ಸೇರಿಸಿಕೊಂಡಿದ್ದೇನೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ, ಮೈಸೂರಿನಲ್ಲಿ ಯೋಗ ಕಲಿತು ಯೋಗಗುರುವಾದ ಬಿ.ಕೆ.ಎಸ್. ಅಯ್ಯಂಗಾರ್. ಪಿಟೀಲುಗಾರ ಯೆಹೂದಿ ಮೆನುಹಿನ್ ಅನ್ನುವ ಹೆಸರು ಸಂಗೀತ ಕೇಳುವವರಿಗೆ ಗೊತ್ತೇ ಇರುತ್ತದೆ. ಚಿಕ್ಕ ಹುಡುಗನಾಗಿದ್ದಾಗಲೇ ಜಗತ್ತನ್ನು ಬೆರಗುಗೊಳಿಸಿದವರು, ಪ್ಯಾರಿಸ್‌ನಲ್ಲಿ ಎನೆಸ್ಕುವಿನಂಥ ಗುರುವಿನ ಹತ್ತಿರ ಕಲಿತವರು. ದೊಡ್ಡವರಾದ ಮೇಲೆ ಮೈಯೆಲ್ಲ ಬಿಗಿ, ನೋವು, ನಿದ್ದೆ ಇಲ್ಲ. ಹುಡುಗನಾಗಿದ್ದಾಗ ತಾನಾಗಿ ಆಗುತ್ತಿದ್ದದ್ದು ಹೇಗೆ ಆಗುತ್ತಿತ್ತು ಅಂತ ಅವರಿಗೇ ಗೊತ್ತಿರಲಿಲ್ಲ. 1952ರಲ್ಲಿ ಭಾರತಕ್ಕೆ ಬಂದಾಗ ಮುಂಬೈಯಲ್ಲಿ ಅಯ್ಯಂಗಾರ್ ಅವರನ್ನು ಭೇಟಿಯಾದರು, ಐದು ನಿಮಿಷ ಅಂದುಕೊಂಡ ಭೇಟಿ ಎಷ್ಟೋ ಹೊತ್ತು ನಡೆಯಿತು. ಮುಂದೆ 1954ರಲ್ಲಿ ಅವರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡು ಒಂದು ಕೈಗಡಿಯಾರ ಕೊಟ್ಟರು. ಅದರ ಹಿಂದೆ ಕೆತ್ತಿಸಿದ್ದು, ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ ಅಂತ.

ಎನೆಸ್ಕು ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ! ಆದರೆ ಮೆನುಹಿನ್ ಅದನ್ನು ಸುಮ್ನೆ ಹೊಗಳಿಕೆಗೆ ಬರೆಸಿರಲಾರರು. ಯೋಗ ಕಲಿಸುವ ಭುಜ ಸಡಿಲ ಬಿಡುವುದು, ಉಸಿರು ಬಿಡುವುದು ಯಾವ ಪಿಟೀಲು ಪುಸ್ತಕದಲ್ಲೂ ಕೊನೆಯ ಪುಟದ ವಿಷಯ. ನುಡಿಸುವವನಿಗೆ ಅದು ಮೊದಲ ವಿಷಯ.

ಈಗ ಸಿಗದೇ ಹೋದದ್ದು. ಚುರುಕಿನ ಕಮಾನು ನನಗೆ ಮೇಷ್ಟ್ರಿಂದ ಬರಲಿಲ್ಲ. ಎರಡನೇ ಕಾಲ, ಮೂರನೇ ಕಾಲದ, ಅಂದರೆ ವೇಗ ಹೆಚ್ಚಿದ, ಸ್ವರಗಳಲ್ಲಿ ಕಮಾನಿನ ಯಾವ ಭಾಗ ಬಳಸಬೇಕು, ಮಣಿಕಟ್ಟು ಎಷ್ಟು ಆಡಬೇಕು, ತೋಳು ಎಷ್ಟು ಸುಮ್ಮನಿರಬೇಕು, ಇದನ್ನು ಹಾಡಿ ಹೇಳಲು ಆಗುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಒಂದು ದಿನ ಅವರೇ ಒಬ್ಬ ಕಿರಿಯ ವಿದ್ವಾಂಸರಿಗೆ ಫೋನ್ ಮಾಡಿ, "ಈ ಹುಡುಗಿಗೆ ಬಲಗೈ ತೋರಿಸಿಬಿಡಪ್ಪ, ನನ್ನ ಕೈಲಿ ಆಗಲ್ಲ" ಅಂದರು. ಎಷ್ಟು ಜನ ಗುರುಗಳು ಹೀಗೆ ಮಾಡುತ್ತಾರೆ ಹೇಳಿ. ನನ್ನ ಶಿಷ್ಯೆ ಬೇರೆಯವರ ಮನೆ ಮೆಟ್ಟಿಲು ಹತ್ತಿದಳು ಅಂತ ವರ್ಷಗಟ್ಟಲೆ ಮಾತು ಬಿಟ್ಟವರ ಕಥೆ ನಮ್ಮ ವಲಯದಲ್ಲಿ ಎಲ್ಲರಿಗೂ ಗೊತ್ತು.

ಆ ವಿದ್ವಾಂಸರ ಮನೆಯಲ್ಲಿ ಮೊದಲ ಸಲ ಒಂದು ಒಳ್ಳೆಯ ಕೈಯನ್ನು ಮೊಳದಷ್ಟು ಹತ್ತಿರದಿಂದ ನೋಡಿದೆ. ಬಾಯಿ ಬಿಟ್ಟುಕೊಂಡು ನೋಡಿದೆ ಅನ್ನಬೇಕು. ಉದ್ದ ಕಮಾನಿನ ಕೈ, ಎಲ್ಲೂ ಗಡಿಬಿಡಿ ಇಲ್ಲ. ನಾನು ತಿಂಗಳುಗಟ್ಟಲೆ ಒದ್ದಾಡಿದ್ದ ಎಷ್ಟೋ ವಿಷಯ ಅವರ ಮಣಿಕಟ್ಟು ನೋಡಿದ ಅರ್ಧ ಗಂಟೆಯಲ್ಲಿ ಬಗೆಹರಿಯಿತು. ಜೊತೆಗೆ ಇನ್ನೊಂದೂ ಆಯಿತು. ಅವರು ಷಡ್ಜಕ್ಕೆ ಬರುವಾಗ ತಲೆಯನ್ನು ಎಡಕ್ಕೆ ಒಂದು ಚೂರು ವಾಲಿಸುತ್ತಿದ್ದರು, ಅದೂ ನನಗೆ ಹತ್ತಿಕೊಂಡಿತು. ಮೇಷ್ಟ್ರ ಮುಂದೆ ನುಡಿಸುವಾಗ ಅದನ್ನು ನೋಡಿ, "ಅದು ಅವನ ಕುತ್ತಿಗೆ ನೋವಮ್ಮ, ನಿನಗ್ಯಾಕೆ?" ಅಂದರು. ಅವರಿಗೆ ನಿಜಕ್ಕೂ ಕುತ್ತಿಗೆ ನೋವಿತ್ತಂತೆ.

ಕಣ್ಣಿಂದ ಕಲಿತದ್ದು ಹೀಗೆಯೇ, ಬೇಕಾದ್ದೂ ಬೇಡದ್ದೂ ಜೊತೆಯಾಗಿ ಬರುತ್ತದೆ. ಒಬ್ಬ ದೊಡ್ಡ ವಿದ್ವಾಂಸರ ಶಿಷ್ಯರನ್ನೆಲ್ಲ ಸಾಲಾಗಿ ಕೂರಿಸಿ ನೋಡಿ, ಅದೇ ಮುಖ ಗಂಟು, ಅದೇ ಕಾಲು ಅಲ್ಲಾಡಿಸುವುದು. ಗುರುವಿನ ಬೆರಳು ಉದ್ದವಾಗಿದ್ದಕ್ಕೆ ಬಂದ ಪದ್ಧತಿಯನ್ನು ಗಿಡ್ಡ ಬೆರಳಿನ ಶಿಷ್ಯ ಪರಂಪರೆ ಅಂತ ಪಾಲಿಸುತ್ತಿರುತ್ತಾನೆ. ಪಾಪ.

ಕೆಲವು ವರ್ಷದ ಹಿಂದೆ ಒಬ್ಬ ಹಿರಿಯ ರಸಿಕರು ತಮ್ಮ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದರು. ಅದರಲ್ಲಿ ಮೇಷ್ಟ್ರು ಪಕ್ಕವಾದ್ಯ ನುಡಿಸಿದ್ದ ಒಂದು ಕಚೇರಿ ಇತ್ತು, ವಾಟ್ಸಾಪ್‌ನಲ್ಲಿ ಕಳಿಸಿದರು. ಮೇಷ್ಟ್ರು ಆಗ ಇರಲಿಲ್ಲ. ಹಿಂದೆಲ್ಲ ಫ್ಯಾನಿನ ಸದ್ದು, ಯಾರದೋ ಕೆಮ್ಮು, ಗಾಯಕರು ಬೇಗಡೆ ರಾಗ ಎತ್ತಿಕೊಂಡಿದ್ದಾರೆ. ನಾನು ಕಾಯುತ್ತಾ ಕೂತಿದ್ದೆ. ಮೇಷ್ಟ್ರ ಸರದಿ ಬಂತು. ಬೇಗಡೆಯ ನಿಷಾದ ಅಂತ ಒಂದಿದೆಯಲ್ಲ, ಎಲ್ಲಿ ನಿಂತಿದೆ ಅಂತ ಹೇಳಲಿಕ್ಕೆ ಬಾರದಂಥದ್ದು, ಅದು ನಾನು ಅವರ ಗಂಟಲಿನಿಂದ ಕಲಿತ ಹಾಗೇ ಇತ್ತು. ಬೇರೆ ಏನೂ ಇರಲಿಲ್ಲ. ಕಿವಿ ಇನ್ನೂ ಹತ್ತಿರ ಇಟ್ಟು ಮತ್ತೆ ಮತ್ತೆ ಕೇಳಿದಾಗ ಗೊತ್ತಾಯಿತು, ನಾನು ಎರಡು ಬೆರಳಿನಲ್ಲಿ ತರುವ ಜಾಗವನ್ನು ಅವರು ಒಂದೇ ಬೆರಳಿನಲ್ಲಿ ಜಾರಿಸಿ ತಂದಿದ್ದಾರೆ. ಬೆರಳು ಬದಲಾದರೆ ಅಲ್ಲೊಂದು ಸಣ್ಣ ಗಂಟು ಕೇಳುತ್ತದೆ, ನುಡಿಸುವವರಿಗೆ ಅದು ತಿಳಿಯುತ್ತದೆ. ಅವರದ್ದರಲ್ಲಿ ಗಂಟಿಲ್ಲ. ಅವರ ಕೈ ದೊಡ್ಡದು, ನನ್ನದು ಚಿಕ್ಕದು. ಅವರು ನುಡಿಸಿ ತೋರಿಸುವ ಹಾಗಿದ್ದಿದ್ದರೆ ನಾನು ಖಂಡಿತ ಆ ಒಂಟಿ ಬೆರಳನ್ನೇ ಹಿಡಿದು ಒದ್ದಾಡುತ್ತಿದ್ದೆ.

ಖುಷಿಯ ಜೊತೆ ಸ್ವಲ್ಪ ಸಿಟ್ಟೂ ಬಂತು ಅಂತ ಹೇಳಬೇಕು. ಅಷ್ಟು ಚೆನ್ನಾಗಿ ನುಡಿಸುತ್ತಿದ್ದ ಮನುಷ್ಯ ತನ್ನ ವಾದ್ಯದ ಬಗ್ಗೆ ಒಂದು ಹಳೆಯ ಕಥೆಯನ್ನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಈ ಪಾಠಕ್ರಮ ನಿಜಕ್ಕೂ ಕೈ ಹಿಡಿದದ್ದು ಪಕ್ಕವಾದ್ಯದಲ್ಲಿ. ಪಿಟೀಲು ಕಲಿತವರಲ್ಲಿ ಹೆಚ್ಚಿನವರ ಬದುಕು ಅದೇ. ತನಿ ಕಚೇರಿ ಅಪರೂಪಕ್ಕೆ, ಹಾಡುವವರ ಪಕ್ಕದಲ್ಲಿ ಕೂರುವುದೇ ಜಾಸ್ತಿ. ಎಷ್ಟೋ ಸಲ ಗಾಯಕರನ್ನು ಮೊದಲು ನೋಡುವುದೇ ವೇದಿಕೆಯ ಹಿಂದೆ. ಅಭ್ಯಾಸ ಮಾಡಿಕೊಂಡು ಬರುವ ಪದ್ಧತಿ ಇಲ್ಲ, ಏನು ಹಾಡುತ್ತಾರೆ ಅಂತ ಹೇಳಬೇಕೆಂಬ ನಿಯಮವೂ ಇಲ್ಲ. ಅವರ ಶ್ರುತಿಗೆ ನಿಮ್ಮ ನಾಲ್ಕೂ ತಂತಿ ಸೇರಿಸಿಕೊಂಡು ಕೂರಬೇಕು. ಅವರು ರಾಗ ಶುರುಮಾಡಿದರೆ ಒಂದು ಕ್ಷಣ ಹಿಂದೆ ನೆರಳಿನ ಹಾಗೆ ಹೋಗಬೇಕು, ಅವರು ನಿಲ್ಲಿಸಿದ ಕಡೆ ಆ ಮಾತನ್ನೇ ಸಣ್ಣದಾಗಿ ಹೇಳಿ ಬಿಟ್ಟುಕೊಡಬೇಕು, ಅವರು ಮುಗಿಸಿದ ಮೇಲೆ ನಿಮ್ಮ ಪಾಲಿನ ರಾಗ. ಅದು ಅವರದಕ್ಕಿಂತ ಉದ್ದ ಆಗಬಾರದು, ಸಪ್ಪೆಯೂ ಆಗಬಾರದು. ಕಲ್ಪನಾಸ್ವರದಲ್ಲಿ, ಅಂದರೆ ಅಲ್ಲೇ ಕಟ್ಟಿ ಹಾಡುವ ಸ್ವರಗಳಲ್ಲಿ, ಅವರು ಒಂದು ಲೆಕ್ಕ ಹಾಕಿ ಮುಗಿಸಿದರೆ ಮರುಗಳಿಗೆಯೇ ಅದಕ್ಕೆ ಉತ್ತರ ಹೇಳಬೇಕು. ಗೊತ್ತಿಲ್ಲದ ಕೃತಿ ಬಂದರೆ ಪಲ್ಲವಿ ಮೊದಲ ಸಲ ಹಾಡುವಾಗ ಕೇಳಿ, ಎರಡನೇ ಸಲಕ್ಕೆ ಜೊತೆಯಾಗಬೇಕು.

ಇದನ್ನು ಕೈ ನೋಡಿ ಕಲಿಯಲು ಸಾಧ್ಯವೇ ಇಲ್ಲ, ಯಾಕೆಂದರೆ ಅಲ್ಲಿ ನೋಡಲು ಯಾವ ಕೈಯೂ ಇರುವುದಿಲ್ಲ. ಇರುವುದು ಬರೀ ಒಂದು ಗಂಟಲು. ನಾನು ಅಷ್ಟು ವರ್ಷ ಮಾಡಿದ್ದೂ ಅದನ್ನೇ, ಒಂದು ಗಂಟಲಿನ ಹಿಂದೆ ಹೋಗುವುದನ್ನು. ಕೊನೆ ಕೊನೆಗೆ ಮೇಷ್ಟ್ರಿಗೆ ಒಂದು ಆಟ ಇತ್ತು. ನನಗೆ ಹೇಳಿಕೊಡದ ರಾಗವೊಂದನ್ನು ಹಾಡಲು ಶುರುಮಾಡುವುದು, ನಾನು ಹಿಂದೆ ನುಡಿಸುವುದು. "ಯಾವ ರಾಗ ಮೇಷ್ಟ್ರೇ?" ಅಂದರೆ, "ಹೆಸರು ಕಟ್ಟಿಕೊಂಡು ಏನ್ಮಾಡ್ತೀಯ, ಹಿಂದೆ ಬಾ" ಅನ್ನುವುದು. ಮೊದಮೊದಲು ನಾನು ಅವರು ಹಾಡಿ ಮುಗಿಸಲಿ ಅಂತ ಕಾಯುತ್ತಿದ್ದೆ. ಕಾಯಬೇಡ ಅನ್ನುತ್ತಿದ್ದರು, ಕಾದರೆ ಅದು ಪಾಠ ಒಪ್ಪಿಸಿದ ಹಾಗಾಗುತ್ತದೆ, ಪಕ್ಕವಾದ್ಯ ಆಗುವುದಿಲ್ಲ. ಚೆಂಬೈ ವೈದ್ಯನಾಥ ಭಾಗವತರ ಹಾಡಿಕೆಗೆ ಚೌಡಯ್ಯನವರು ನುಡಿಸಿರುವ ಹಳೆಯ ಧ್ವನಿಮುದ್ರಣಗಳನ್ನು ಕೇಳಿ, ಈ ಮಾತು ಅರ್ಥವಾಗುತ್ತದೆ. ಭಾಗವತರ ದನಿ ಎಲ್ಲಿ ಮುಗಿಯಿತು, ಪಿಟೀಲು ಎಲ್ಲಿ ಶುರುವಾಯಿತು ಅಂತ ಕೆಲವು ಕಡೆ ಹುಡುಕಬೇಕಾಗುತ್ತದೆ. ಗಾಯಕರ ಮನೆಯಲ್ಲಿ ಬೆಳೆದ ಕಿವಿ ಅದು.

ಈಗಿನ ಮಕ್ಕಳಿಗೆ ನನಗಿದ್ದ ತೊಂದರೆ ಇಲ್ಲ. ಬೇಕಾದ ವಿದ್ವಾಂಸರ ಕೈಯನ್ನು ಯೂಟ್ಯೂಬಿನಲ್ಲಿ ಅರ್ಧ ವೇಗಕ್ಕೆ ಇಳಿಸಿ, ನಿಲ್ಲಿಸಿ, ದೊಡ್ಡದು ಮಾಡಿ ನೋಡಬಹುದು. ಒಳ್ಳೆಯದೇ, ನನಗೆ ಸಿಕ್ಕಿದ್ದರೆ ನಾನೂ ನೋಡುತ್ತಿದ್ದೆ. ಆನ್‌ಲೈನ್ ಪಾಠದಲ್ಲಿ ಮಾತ್ರ ಒಂದು ತಮಾಷೆ ಇದೆ. ಸದ್ದು ಆ ಕಡೆಯಿಂದ ಈ ಕಡೆಗೆ ಬರಲು ಹೊತ್ತು ಹಿಡಿಯುವುದರಿಂದ ಗುರು ಶಿಷ್ಯರು ಒಟ್ಟಿಗೆ ನುಡಿಸಲು ಆಗುವುದಿಲ್ಲ. ಒಬ್ಬರು ಮುಗಿಸಬೇಕು, ಇನ್ನೊಬ್ಬರು ಶುರುಮಾಡಬೇಕು. ಮೇಷ್ಟ್ರು ಬೇಡ ಅನ್ನುತ್ತಿದ್ದ ಕಾಯುವಿಕೆಯೇ ಅಲ್ಲಿ ನಿಯಮ. ಸಾಲದ್ದಕ್ಕೆ ಶ್ರುತಿಯ ಸದ್ದನ್ನು ಆ್ಯಪು ಗದ್ದಲ ಅಂದುಕೊಂಡು ಅಳಿಸಿಹಾಕುತ್ತದೆ, ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಬೇರೆ ಬದಲಾಯಿಸಬೇಕು. ಆದರೆ ಹಾಡಿ ಹೇಳಿಕೊಡುವವರಿಗೆ ಅಂಥ ನಷ್ಟ ಇಲ್ಲ. ಗುರು ಒಂದು ಸಾಲು ಹಾಡಬಹುದು, ಕ್ಯಾಮೆರಾ ಸರಿಯಿಲ್ಲದಿದ್ದರೂ ನಡೆಯುತ್ತದೆ.

ನನ್ನ ಹತ್ತಿರ ಬರುವ ಹುಡುಗಿಯೊಬ್ಬಳಿದ್ದಾಳೆ, ಚೂಟಿ. ನನ್ನ ಕೈ ಚೆನ್ನಾಗಿಯೇ ಇದೆ, ಹಾಗಾಗಿ ನಾನು ನುಡಿಸಿ ತೋರಿಸುತ್ತೇನೆ. ಮೇಷ್ಟ್ರ ಹಾಗೆ ಕಿಟಕಿ ಕಡೆ ಮುಖ ಮಾಡಿ ಕೂರುವ ತಾಕತ್ತು ನನಗಿಲ್ಲ, ಅವರ ಕಿವಿಯೂ ನನಗಿಲ್ಲ. ತೋರಿಸಿದರೆ ಬೇಗ ಬರುತ್ತದೆ, ಮಗುವಿನ ಮುಖ ಅರಳುತ್ತದೆ, ಅಮ್ಮನಿಗೂ ಸಮಾಧಾನ. ಆದರೆ ಈಗ ತೋಡಿಗೆ ಬಂದಿದ್ದೇವೆ. ಇಲ್ಲಿ ಮಾತ್ರ ನನ್ನ ಪಿಟೀಲನ್ನು ಪಕ್ಕಕ್ಕಿಟ್ಟು ಹಾಡಿಸುತ್ತಿದ್ದೇನೆ. "ಆಂಟಿ, ಯಾವ ಬೆರಳು ಹೇಳಿಬಿಡಿ, ಪ್ಲೀಸ್" ಅಂತ ಪೀಡಿಸುತ್ತಾಳೆ. ಪರೀಕ್ಷೆ ಹತ್ತಿರ ಬಂತು, ಬೇಗ ಮುಗಿಸಿಕೊಡಿ ಅಂತ ಅವಳಮ್ಮ ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದಾರೆ. ಎಷ್ಟು ವಾರ ತಡೆದುಕೊಳ್ಳುತ್ತಾರೋ ನೋಡಬೇಕು.